ಅಗ್ನಿಶಾಮಕರ ಶ್ವಾಸಕೋಶ: ವಂಶದಿಂದ ಬಂದದ್ದು, ಹೊಗೆಯಿಂದ ಬಂದದ್ದು ಬೇರ್ಪಡಿಸಿ ನೋಡುವ ಬಗೆ

ದಾಲ್ ಮಿಲ್ಲಿನ ಗೋದಾಮಿನಲ್ಲಿ ತೊಗರಿ ಹೊಟ್ಟಿಗೆ ಬೆಂಕಿ ಹತ್ತಿದರೆ ಉರಿ ಕಾಣುವುದು ಸ್ವಲ್ಪ ಹೊತ್ತು. ನೀರು ಬಿದ್ದ ಮೇಲೆ ಮೇಲ್ಪದರ ಕಪ್ಪಗೆ ತಣ್ಣಗಾಗಿ ಕೂರುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ. ಸಲಿಕೆ ಹಾಕಿ ಕೆದಕಿದಾಗಲೆಲ್ಲ ದಟ್ಟ ಹೊಗೆ ಮುಖಕ್ಕೆ ಬಡಿಯುತ್ತದೆ. ಶಹಾಪುರ, ಯಾದಗಿರಿ ಕಡೆ ಜಿನ್ನಿಂಗ್ ಮಿಲ್ಲಿನ ಹತ್ತಿ ಅಂಡಿಗೆ, ಬೀದರ್ ಕಡೆ ಕಬ್ಬಿನ ಸಿಪ್ಪೆಯ ರಾಶಿ, ಊರೂರಿನ ಕಣಿಕೆ ಬಣವೆ, ಎಲ್ಲದರ ಸ್ವಭಾವವೂ ಇದೇ: ಕಡಿಮೆ ಉರಿ, ಹೆಚ್ಚು ಹೊಗೆ, ದಿನಗಟ್ಟಲೆ ಕೆಲಸ. ಕಡೇಚೂರು, ಕೊಳ್ಹಾರ, ಹುಮನಾಬಾದ್‌ನ ಕೈಗಾರಿಕಾ ಪ್ರದೇಶಗಳಲ್ಲಿ ಇದರ ಜೊತೆಗೆ ರಾಸಾಯನಿಕದ ಆವಿಯೂ ಸೇರಬಹುದು.

ಇಂಥ ಹೊಗೆಯನ್ನು ಒಂದೇ ಠಾಣೆಯಲ್ಲಿ, ಒಂದೇ ಪಾಳಿಯಲ್ಲಿ ಇಪ್ಪತ್ತು ವರ್ಷ ಕುಡಿದ ಇಬ್ಬರಲ್ಲಿ ಒಬ್ಬರಿಗೆ ಏಣಿ ಹತ್ತಿದರೆ ದಮ್ಮು, ಇನ್ನೊಬ್ಬರಿಗೆ ಏನೂ ಇಲ್ಲ. ಈ ವ್ಯತ್ಯಾಸದ ಒಂದು ಪಾಲು ಹುಟ್ಟಿನಿಂದ ಬಂದದ್ದು. ಆ ಪಾಲನ್ನು ಗುರುತಿಸಲು ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ತಪ್ಪುತ್ತದೆ ಎಂಬುದನ್ನು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಅಗ್ನಿಶಾಮಕ ಸಿಬ್ಬಂದಿಗೂ ಅವರ ಮನೆಯವರಿಗೂ ಇಲ್ಲಿ ಬರೆದಿದ್ದೇವೆ. ಮೊದಲೇ ಒಂದು ಮಾತು: ಜೀನ್ ಪರೀಕ್ಷೆ ಇಲ್ಲಿ ಮೂರನೆಯ ಹೆಜ್ಜೆ. ಅದನ್ನೇ ಮೊದಲು ಮಾಡಿಸಿಕೊಂಡವರು ದುಡ್ಡು ಕಳೆದುಕೊಂಡು ಗೊಂದಲ ತಂದುಕೊಳ್ಳುತ್ತಾರೆ.

ಜೀನ್‌ಗಳ ಕೈವಾಡ ಎಷ್ಟು

ಎಲ್ಲಕ್ಕಿಂತ ಸ್ಪಷ್ಟವಾಗಿ ಗೊತ್ತಿರುವುದು ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಕೊರತೆ. ಹೊಗೆ ಒಳಹೊಕ್ಕಾಗ ಶ್ವಾಸಕೋಶಕ್ಕೆ ಬಿಳಿ ರಕ್ತಕಣಗಳು ಧಾವಿಸಿ ಬರುತ್ತವೆ. ಅವು ಇಲಾಸ್ಟೇಸ್ ಎಂಬ ಕಿಣ್ವವನ್ನು ಹೊರಬಿಡುತ್ತವೆ. ಹೊಲ ಕಾಯಲು ಬಿಟ್ಟ ನಾಯಿ ಕಳ್ಳನನ್ನು ಅಟ್ಟುವ ಭರದಲ್ಲಿ ಬೆಳೆಯನ್ನೂ ತುಳಿಯುವಂತೆ, ಈ ಕಿಣ್ವ ಗಾಳಿಗೂಡುಗಳ ಗೋಡೆಯ ಹಿಗ್ಗುವ ನಾರನ್ನೂ ಕತ್ತರಿಸುತ್ತದೆ. ಆ ನಾಯಿಗೆ ಕಟ್ಟಿದ ಹಗ್ಗವೇ ಆಲ್ಫಾ-1 ಆಂಟಿಟ್ರಿಪ್ಸಿನ್. ಅದು ತಯಾರಾಗುವುದು ಯಕೃತ್ತಿನಲ್ಲಿ. ಅದರ ಸೂಚನೆ ಇರುವುದು 14ನೇ ವರ್ಣತಂತುವಿನ ಮೇಲಿನ ಸರ್ಪಿನಾ1 ಎಂಬ ಜೀನ್‌ನಲ್ಲಿ. ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಸಾಮಾನ್ಯ ಪ್ರತಿಗೆ ಎಂ ಎಂದೂ ದೋಷವಿರುವ ಮುಖ್ಯ ಪ್ರತಿಗಳಿಗೆ ಎಸ್, ಝಡ್ ಎಂದೂ ಹೆಸರು. ಎರಡೂ ಝಡ್ ಆಗಿದ್ದರೆ ತೀವ್ರ ಕೊರತೆ. ಬೀಡಿ ಸೇದುವವರಾದರೆ ನಲವತ್ತರ ಆಸುಪಾಸಿನಲ್ಲೇ ಎಂಫಿಸಿಮಾ, ಅಂದರೆ ಗಾಳಿಗೂಡುಗಳ ಗೋಡೆ ಹಾಳಾಗುವ ಕಾಯಿಲೆ, ಕಾಣಿಸಿಕೊಳ್ಳಬಹುದು. ಒಂದು ಎಂ, ಒಂದು ಝಡ್ ಇದ್ದವರು ಹೊಗೆಯ ತಂಟೆಗೆ ಹೋಗದಿದ್ದರೆ ಬಹುತೇಕ ಆರಾಮವಾಗಿರುತ್ತಾರೆ. ಬೀಡಿ, ಸಿಗರೇಟು ಸೇದಿದರೆ ಅವರ ಅಪಾಯ ಏರುತ್ತದೆ. ಅಗ್ನಿಶಾಮಕನಾಗಿದ್ದು ಬೀಡಿಯನ್ನೂ ಸೇದುವ ಎಂಝಡ್ ವ್ಯಕ್ತಿಯ ಬಗ್ಗೆ ನಮಗೆ ನಿಜಕ್ಕೂ ಆತಂಕವಿದೆ.

ಈ ಕೊರತೆಯನ್ನು 1963ರಲ್ಲಿ ಸ್ವೀಡನ್ನಿನಲ್ಲಿ ಲಾರೆಲ್ ಮತ್ತು ಎರಿಕ್ಸನ್ ಗುರುತಿಸಿದರು. ಅಗ್ನಿಶಾಮಕರಿಗೂ ಇದಕ್ಕೂ ಇರುವ ಸಂಬಂಧ ಬೆಳಕಿಗೆ ಬಂದದ್ದು ನ್ಯೂಯಾರ್ಕ್‌ನಲ್ಲಿ. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಕುಸಿದಾಗ ಅಲ್ಲಿನ ದೂಳು ಕುಡಿದ ಅಗ್ನಿಶಾಮಕರನ್ನು ವೈದ್ಯರು ವರ್ಷಗಟ್ಟಲೆ ಹಿಂಬಾಲಿಸಿ ಪರೀಕ್ಷಿಸಿದರು. ಎಂದೂ ಧೂಮಪಾನ ಮಾಡದವರಲ್ಲೂ ಒಂದು ಸೆಕೆಂಡಿನಲ್ಲಿ ಊದಿ ಹೊರಬಿಡುವ ಗಾಳಿ ಮೊದಲ ವರ್ಷ ಸರಾಸರಿ 439 ಮಿ.ಲೀ. ಇಳಿದಿತ್ತು ಎಂದು 2010ರಲ್ಲಿ ಪ್ರಕಟವಾಯಿತು. ವಯಸ್ಸಿನಿಂದ ಇಳಿಯುವುದು ವರ್ಷಕ್ಕೆ ಸುಮಾರು 30 ಮಿ.ಲೀ. ಮಾತ್ರ. ಆಲ್ಫಾ-1 ಕೊರತೆ ಇದ್ದವರಲ್ಲಿ ಆ ಇಳಿತ ಉಳಿದವರಿಗಿಂತ ವೇಗವಾಗಿತ್ತು ಎಂಬ ಅಧ್ಯಯನವೂ ಅದೇ ವರ್ಷ ಬಂತು.

ಉಳಿದ ಜೀನ್‌ಗಳ ಪ್ರಭಾವ ಸಣ್ಣದು. ಉರಿಯೂತವನ್ನು ಏರಿಸುವ, ಇಳಿಸುವ ಟಿಎನ್‌ಎಫ್ ಆಲ್ಫಾ, ಐಎಲ್-10ರಂಥವುಗಳ ರೂಪಭೇದಕ್ಕೂ ಅಗ್ನಿಶಾಮಕರ ಶ್ವಾಸಬಲದ ಇಳಿತಕ್ಕೂ ನಂಟು ಕಂಡ ಅಧ್ಯಯನಗಳು ಅಮೆರಿಕದಲ್ಲಿ ನಡೆದಿವೆ. ಹೊಗೆಯಲ್ಲಿನ ವಿಷವನ್ನು ಕಳೆಯುವ ಜಿಎಸ್‌ಟಿಎಂ1 ಜೀನ್ ಹಲವರಲ್ಲಿ ಇಡಿಯಾಗಿಯೇ ಇರುವುದಿಲ್ಲ. ಗುಂಪಿನ ಮಟ್ಟದಲ್ಲಿ ಇವು ಅರ್ಥವಾಗುತ್ತವೆಯೇ ಹೊರತು ಒಬ್ಬ ವ್ಯಕ್ತಿಯ ಮುಂದೆ ಇಟ್ಟು ‘ನಿನಗೆ ಹೀಗಾಗುತ್ತದೆ’ ಎಂದು ಹೇಳಲು ಬರುವುದಿಲ್ಲ. ಉಬ್ಬಸ, ಅಲರ್ಜಿಯ ಪ್ರವೃತ್ತಿ ಮಾತ್ರ ಮನೆತನದಲ್ಲಿ ಎದ್ದು ಕಾಣುತ್ತದೆ, ಅದನ್ನು ಕಂಡುಹಿಡಿಯಲು ಜೀನ್ ಪರೀಕ್ಷೆಯೂ ಬೇಡ.

ಮೊದಲ ಹೆಜ್ಜೆ: ಮೂರು ತಲೆಮಾರಿನ ನಕ್ಷೆ

ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲ್ ಸಾಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಕೆಳಗೆರೆ. ತೀರಿಕೊಂಡವರ ಮೇಲೆ ಓರೆ ಗೆರೆ ಎಳೆದು ಪಕ್ಕದಲ್ಲಿ ವಯಸ್ಸು ಬರೆಯಿರಿ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಅಡ್ಡಗೆರೆಯನ್ನು ಜೋಡಿಯಾಗಿ ಎಳೆಯಬೇಕು. ನಮ್ಮ ಕಡೆ ಈ ಜೋಡಿ ಗೆರೆ ತುಂಬಾ ಮುಖ್ಯ. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಜೀನ್‌ಗಳ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರುತ್ತವೆ. ಅತ್ತೆಯ ಮಗಳು, ಮಾವನ ಮಗನ ನಡುವಿನ ಮದುವೆಯಲ್ಲಿ ಹದಿನಾರರಲ್ಲಿ ಒಂದು ಪಾಲು. ಎರಡೂ ಪ್ರತಿ ಕೆಟ್ಟಾಗ ಮಾತ್ರ ಹೊರಬೀಳುವ ಕಾಯಿಲೆಗಳಿಗೆ ದಾರಿಯಾಗುವುದು ಇಲ್ಲೇ.

ಹೆಳವರು ಮನೆಗೆ ಬಂದಾಗ ತಲೆಮಾರುಗಳ ಹೆಸರನ್ನು ಓದಿ ಹೇಳುತ್ತಾರಲ್ಲ, ಅದು ಈ ಕೆಲಸಕ್ಕೆ ಒಳ್ಳೆಯ ಆರಂಭ. ಆದರೆ ಅವರ ಲೆಕ್ಕ ಹೆಚ್ಚಾಗಿ ಗಂಡಸರ ಸಾಲಿನದು. ವೈದ್ಯರಿಗೆ ತಾಯಿಯ ತವರಿನವರೂ ಬೇಕು, ಕೊಟ್ಟ ಹೆಣ್ಣುಮಕ್ಕಳ ಮಕ್ಕಳೂ ಬೇಕು. ಮನೆಯ ಹಿರಿಯ ಅತ್ತೆಯನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳಿ. ‘ಯಾವ ರೋಗ ಇತ್ತು’ ಎಂದು ಕೇಳಿದರೆ ‘ಏನೋ ದಮ್ಮು’ ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ:

- ದಮ್ಮು ಶುರುವಾದಾಗ ವಯಸ್ಸು ಎಷ್ಟು? 45ಕ್ಕಿಂತ ಮೊದಲೋ, ಆಮೇಲೋ?
- ಬೀಡಿ, ಚಿಲುಮೆ ಇತ್ತೆ? ದಿನಕ್ಕೆ ಎಷ್ಟು, ಎಷ್ಟು ವರ್ಷ?
- ಎಲ್ಲಿ ದುಡಿದರು? ಶಹಾಬಾದ್ ಕಲ್ಲಿನ ಕ್ವಾರಿ, ವಾಡಿ, ಸೇಡಂ ಕಡೆಯ ಸಿಮೆಂಟ್ ಕೆಲಸ, ದಾಲ್ ಮಿಲ್, ಜಿನ್ನಿಂಗ್?
- ಕ್ಷಯಕ್ಕೆ ಆರು ತಿಂಗಳ ಗುಳಿಗೆ ನುಂಗಿದ್ದರೆ? ಕೋರ್ಸ್ ಮುಗಿಸಿದರೆ?
- ಮನೆಯಲ್ಲಿ ಯಾವುದಾದರೂ ಕೂಸಿಗೆ ಹುಟ್ಟಿದ ಮೇಲೆ ತಿಂಗಳುಗಟ್ಟಲೆ ಕಾಮಾಲೆ ಇತ್ತೆ? ಕುಡಿತದ ಚಟವಿಲ್ಲದೆ ಯಾರಿಗಾದರೂ ಲಿವರ್ ಕೆಟ್ಟಿತ್ತೆ?
- 30 ತುಂಬುವ ಮೊದಲೇ ತಲೆ ಬೆಳ್ಳಗಾದವರು ಯಾರು?

ಕೊನೆಯ ಪ್ರಶ್ನೆ ಕೇಳಿ ನಗುವವರಿದ್ದಾರೆ. ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಕಾಪು ಇರುತ್ತದೆ. ಹುಟ್ಟಿನಿಂದಲೇ ಅದು ಗಿಡ್ಡವಾಗಿರುವ ಮನೆತನಗಳಲ್ಲಿ ಬೇಗ ಕೂದಲು ನೆರೆಯುವುದು, ರಕ್ತ ತಯಾರಾಗದ ಕಾಯಿಲೆ, ಕಾರಣ ತಿಳಿಯದ ಲಿವರ್ ಸಿರೋಸಿಸ್, ಶ್ವಾಸಕೋಶ ನಾರುಗಟ್ಟಿ ಗಡುಸಾಗುವ ಫೈಬ್ರೋಸಿಸ್, ಇವು ಒಬ್ಬೊಬ್ಬರಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಬರೀ ಬಿಳಿ ಕೂದಲಿಗೆ ಅರ್ಥವಿಲ್ಲ. ಅದೇ ಮನೆಯಲ್ಲಿ ಇನ್ನೊಬ್ಬರಿಗೆ ಫೈಬ್ರೋಸಿಸ್ ಇದ್ದರೆ ಅರ್ಥವಿದೆ.

ನಕ್ಷೆ ಮುಗಿದ ಮೇಲೆ ಬೇರ್ಪಡಿಸುವ ಕೆಲಸ. ತೊಗರಿ ಕಟ್ಟಿಗೆ, ಕುಳ್ಳಿನ ಒಲೆಯ ಮುಂದೆ ನಲವತ್ತು ವರ್ಷ ಕೂತ ಅವ್ವನಿಗೆ ಕೆಮ್ಮು ಬಂದಿದ್ದರೆ ಅದನ್ನು ವಂಶದ ಲೆಕ್ಕಕ್ಕೆ ಬರೆಯಬೇಡಿ. ಕಲ್ಲು ಒಡೆದ ಅಪ್ಪನ ದಮ್ಮು ದೂಳಿನದಿರಬಹುದು. ಒಬ್ಬರಿಂದೊಬ್ಬರಿಗೆ ಕ್ಷಯ ಹರಡಿದ ಮನೆಯಲ್ಲಿ ಮೂವರು ಕೆಮ್ಮಿದರೆ ಅದು ಸೋಂಕು, ರಕ್ತಗುಣ ಎನ್ನಬೇಡಿ. ಬೀಡಿಯಿಲ್ಲ, ದೂಳಿಲ್ಲ, ಒಲೆಯ ಹೊಗೆಯಿಲ್ಲ, ಕ್ಷಯವಿಲ್ಲ, ಆದರೂ 45ರ ಒಳಗೆ ದಮ್ಮು ಬಂದ ವ್ಯಕ್ತಿ ಒಬ್ಬರಿದ್ದರೂ ಆ ಹೆಸರಿಗೆ ಕೆಂಪು ಸುತ್ತು ಹಾಕಿ. ಅಂಥ ಎರಡು ಸುತ್ತು ಬಿದ್ದರೆ ತಡ ಮಾಡದೆ ಶ್ವಾಸಕೋಶ ತಜ್ಞರ ಬಳಿ ಈ ಹಾಳೆಯನ್ನೇ ಒಯ್ಯಿರಿ.

ಎರಡನೆಯ ಹೆಜ್ಜೆ: ಊದುವ ಪರೀಕ್ಷೆ, ಸರಿಯಾಗಿ

ಜೀನ್ ಏನೇ ಇರಲಿ, ಅದು ಶ್ವಾಸಕೋಶದ ಮೇಲೆ ಮಾಡಿದ ಪರಿಣಾಮ ಕಾಣುವುದು ಸ್ಪೈರೋಮೆಟ್ರಿಯಲ್ಲಿ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ. ಹತ್ತಿರದಲ್ಲಿ ಶುರುಮಾಡಲು ಅಲ್ಲಿನ ಹೊರರೋಗಿ ವಿಭಾಗದಲ್ಲಿ ವಿಚಾರಿಸಿ. ಕೆಲಸಕ್ಕೆ ಸೇರಿದ ವರ್ಷವೇ ಒಮ್ಮೆ ಮಾಡಿಸಿದರೆ ಅದು ಜೀವಮಾನದ ಅಳತೆಗೋಲು. ಆ ದಿನ ಕಳೆದಿದ್ದರೆ ಈ ವರ್ಷವೇ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ.

ಎರಡು ಅಂಕಿ ನೋಡಬೇಕು. ಎಫ್‌ವಿಸಿ ಎಂದರೆ ತುಂಬ ಎಳೆದುಕೊಂಡ ಉಸಿರನ್ನು ಪೂರ್ತಿ ಊದಿದಾಗ ಹೊರಬಂದ ಒಟ್ಟು ಗಾಳಿ. ಎಫ್‌ಇವಿ1 ಎಂದರೆ ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಅನುಪಾತ ಕಡಿಮೆಯಿದ್ದರೆ ಕೊಳವೆ ಕಿರಿದಾಗಿದೆ ಎಂದರ್ಥ: ಉಬ್ಬಸ, ಸಿಒಪಿಡಿ (ಶ್ವಾಸನಾಳ ಕಾಯಂ ಆಗಿ ಕಿರಿದಾಗುವ ಕಾಯಿಲೆ), ಆಲ್ಫಾ-1 ಕೊರತೆಯ ಎಂಫಿಸಿಮಾ. ಅನುಪಾತ ಸರಿಯಿದ್ದು ಎಫ್‌ವಿಸಿ ಮಾತ್ರ ಕುಗ್ಗಿದ್ದರೆ ಫೈಬ್ರೋಸಿಸ್, ಹಳೆಯ ಕ್ಷಯದ ಕಲೆ, ಬೊಜ್ಜು, ಇಲ್ಲವೇ ಸರಿಯಾಗಿ ಊದದೇ ಇದ್ದದ್ದು.

ಆ ಕೊನೆಯ ಕಾರಣವೇ ಅತಿ ಹೆಚ್ಚು. ಅದಕ್ಕೇ ತಯಾರಿಯನ್ನು ಬಿಡಿಸಿ ಹೇಳುತ್ತೇವೆ.

ಶೀತ, ಕೆಮ್ಮು ವಾಸಿಯಾಗಿ ಮೂರು ವಾರ ಕಳೆದಿರಲಿ. ಬೆಂಕಿ ಕರೆ ಮುಗಿಸಿದ ಮರುದಿನ ಮಾಡಿಸಿದ್ದು ಅಳತೆಗೋಲಾಗುವುದಿಲ್ಲ. ಪರೀಕ್ಷೆಗೆ ಒಂದು ಗಂಟೆ ಮೊದಲಿನಿಂದ ಬೀಡಿ ಬೇಡ, ಓಟ ಬೇಡ. ಹೊಟ್ಟೆ ಬಿರಿಯುವ ಊಟವೂ ಬೇಡ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಪಂಪ್ ಬಳಸುವವರು ವೈದ್ಯರನ್ನು ಕೇಳಿ 4ರಿಂದ 6 ಗಂಟೆ ಬಿಟ್ಟು ಹೋಗಬೇಕು. ಸಮವಸ್ತ್ರದಲ್ಲೇ ಹೋದವರು ಸೊಂಟದ ಬೆಲ್ಟ್ ಸಡಿಲಿಸಿ. ಬಿಗಿದ ಬೆಲ್ಟ್ ಕೆಳಗೆ ಇಳಿಯಬೇಕಾದ ವಪೆಯನ್ನು ತಡೆಯುತ್ತದೆ. ಇತ್ತೀಚೆಗೆ ಹೃದಯಾಘಾತ, ಕಣ್ಣಿನ ಇಲ್ಲವೇ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಕಫದಲ್ಲಿ ರಕ್ತ ಬರುತ್ತಿದ್ದರೆ ಮೊದಲೇ ಹೇಳಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕಫ ಪರೀಕ್ಷೆ, ಆಮೇಲೆ ಊದುವುದು.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಪೈರೋಮೀಟರ್‌ಗಳು ಕೋಣೆಯ ಉಷ್ಣತೆ 17ರಿಂದ 40 ಡಿಗ್ರಿ ಇದ್ದಾಗ ಸರಿಯಾಗಿ ಅಳೆಯುವಂತೆ ಮಾಡಲ್ಪಟ್ಟಿವೆ. ಏಪ್ರಿಲ್, ಮೇ ಮಧ್ಯಾಹ್ನ ಪಂಖದ ಕೆಳಗೂ ಕೋಣೆ ಆ ಮಿತಿ ದಾಟಬಹುದು. ಡಿಸೆಂಬರ್, ಜನವರಿಯ ಬೆಳಿಗ್ಗೆ ಮಾಡಿಸಿ. ಪ್ರತಿ ವರ್ಷವೂ ಅದೇ ತಿಂಗಳು, ಸಾಧ್ಯವಾದರೆ ಅದೇ ಯಂತ್ರ.

ಊದುವ ಕ್ರಮ: ಬೆನ್ನು ನೆಟ್ಟಗೆ, ಪಾದ ನೆಲಕ್ಕೆ, ಮೂಗಿಗೆ ಕ್ಲಿಪ್. ಇನ್ನು ಎಳೆಯಲಾಗದು ಎನ್ನುವವರೆಗೆ ಉಸಿರೆಳೆದು, ಎರಡು ಸೆಕೆಂಡಿಗಿಂತ ಹೆಚ್ಚು ತಡೆಯದೆ, ಒಮ್ಮೆಲೇ ಸ್ಫೋಟದಂತೆ ಊದಿ. ಆಮೇಲೆ ಗಾಳಿ ಖಾಲಿಯಾಯಿತು ಅನ್ನಿಸಿದರೂ ಬಿಡಬೇಡಿ, ಕನಿಷ್ಠ 6 ಸೆಕೆಂಡು ಹಿಂಡುತ್ತಲೇ ಇರಿ. ಬಲಿಷ್ಠ ಹುಡುಗರು ಇಲ್ಲೇ ಎಡವುತ್ತಾರೆ: ಮೊದಲ ಸೆಕೆಂಡಿಗೆ ಎಲ್ಲ ಶಕ್ತಿ ಹಾಕಿ ಮೂರನೆಯದಕ್ಕೆ ಕೊಳವೆ ಬಿಟ್ಟುಬಿಡುತ್ತಾರೆ. ಆಗ ಎಫ್‌ವಿಸಿ ಸುಳ್ಳಾಗಿ ಕಡಿಮೆ ಬಂದು ಅನುಪಾತ ಸುಳ್ಳಾಗಿ ಚೆನ್ನಾಗಿ ಕಾಣುತ್ತದೆ. ಇದ್ದ ಕಾಯಿಲೆ ಮುಚ್ಚಿಹೋಗುತ್ತದೆ. ಇನ್ನೊಂದು ತೊಂದರೆ ಗುಟ್ಕಾದ್ದು. ವರ್ಷಗಟ್ಟಲೆ ಅಗಿದು ಬಾಯಿ ಬಿಗಿದವರಿಗೆ ಕೊಳವೆಯನ್ನು ಹಲ್ಲಿನ ನಡುವೆ ಇಟ್ಟು ತುಟಿ ಮುಚ್ಚಲಾಗದೆ ಮೂಲೆಯಿಂದ ಗಾಳಿ ಸೋರುತ್ತದೆ. ಅಂಥವರಿಗೆ ಸಣ್ಣ ಕೊಳವೆ ಕೇಳಿ ಪಡೆಯಬೇಕು, ಬಾಯಿಯನ್ನೂ ದಂತವೈದ್ಯರಿಗೆ ತೋರಿಸಬೇಕು.

ಮೂರು ಒಳ್ಳೆಯ ಊದು ಬೇಕು. ಅವುಗಳಲ್ಲಿ ಮೇಲಿನ ಎರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು. ಯಂತ್ರವನ್ನು ಆ ದಿನ 3 ಲೀಟರ್ ಸಿರಿಂಜಿನಿಂದ ತಾಳೆ ನೋಡಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಅನುಪಾತ ಕಡಿಮೆ ಬಂದರೆ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ, ಅಂದರೆ ನಾಲ್ಕು ಪಫ್, ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಊದಿಸಬೇಕು. ಎಫ್‌ಇವಿ1 ಚೆನ್ನಾಗಿ ಏರಿದರೆ ಉಬ್ಬಸದ ಕಡೆಗೆ ಬೆರಳು; ಕದಲದೆ ನಿಂತರೆ ಆಲ್ಫಾ-1 ಪರೀಕ್ಷೆಯ ಮಾತು ಬರುತ್ತದೆ.

ವರದಿ ಓದುವಾಗ ಶೇಕಡಾವಾರು ಅಂಕಿಯನ್ನು ಬಿಟ್ಟು ಲೀಟರ್ ನೋಡಿ. ಶೇಕಡಾ ಎಂಬುದು ಯಂತ್ರದಲ್ಲಿ ಯಾವ ಜನಸಮುದಾಯದ ಸೂತ್ರ ಆಯ್ಕೆ ಮಾಡಿದ್ದಾರೆ ಎಂಬುದರ ಮೇಲೆ ನಿಂತಿದೆ. ಕಳೆದ ವರ್ಷ ಒಂದು ಸೂತ್ರ, ಈ ವರ್ಷ ಇನ್ನೊಂದು ಆದರೆ ಶ್ವಾಸಕೋಶ ಬದಲಾಗದಿದ್ದರೂ ಶೇಕಡಾ ಬದಲಾಗುತ್ತದೆ. ಲೀಟರ್ ಹಾಗೆ ಮೋಸ ಮಾಡುವುದಿಲ್ಲ.

ಒಂದು ಲೆಕ್ಕ ನೋಡಿ. ಸೇರಿದಾಗ ಎಫ್‌ಇವಿ1 3.20 ಲೀಟರ್ ಇದ್ದ ಸಿಬ್ಬಂದಿಗೆ ಐದು ವರ್ಷದಲ್ಲಿ ವಯಸ್ಸಿನಿಂದ ಇಳಿಯುವುದು 30 ಗುಣಿಲೆ 5, ಅಂದರೆ 150 ಮಿ.ಲೀ. ಆದ್ದರಿಂದ 3.05ರ ಆಸುಪಾಸು ಸಹಜ. ವಯಸ್ಸಿನ ಪಾಲು ಬಿಟ್ಟು ಶೇ. 15ರಷ್ಟು ಇಳಿದರೆ ಖಂಡಿತ ತನಿಖೆ ಬೇಕು: 3.20ರ ಶೇ. 85 ಎಂದರೆ 2.72, ಅದರಲ್ಲಿ 0.15 ಕಳೆದರೆ 2.57. ಊದುವ ಗುಣಮಟ್ಟ ಚೆನ್ನಾಗಿದ್ದರೆ ಶೇ. 10 ಇಳಿದಾಗಲೇ, ಅಂದರೆ 2.73ಕ್ಕೇ ಎಚ್ಚೆತ್ತುಕೊಳ್ಳಬಹುದು. ಗಮನಿಸಿ: 2.73 ಲೀಟರ್ ಇದ್ದವರ ವರದಿಯ ಮೇಲೆ ‘ನಾರ್ಮಲ್’ ಎಂದೇ ಅಚ್ಚಾಗಿರಬಹುದು. ಹಳೆಯ ಕಾಗದ ಕೈಯಲ್ಲಿ ಇಲ್ಲದಿದ್ದರೆ ಅರ್ಧ ಲೀಟರ್ ಸವೆದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ. ಆದ್ದರಿಂದ ಪ್ರತಿ ವರ್ಷದ ಗ್ರಾಫ್ ಸಹಿತ ವರದಿಯ ಫೋಟೋ ತೆಗೆದು ಮೊಬೈಲ್‌ನಲ್ಲಿಯೂ ಇಡಿ. ಉಷ್ಣಕಾಗದದ ಮುದ್ರಣ ಎರಡು ಬೇಸಿಗೆಗೆ ಮಾಸಿಹೋಗುತ್ತದೆ.

ಮೂರನೆಯ ಹೆಜ್ಜೆ: ರಕ್ತ, ಆಮೇಲೆ ಜೀನ್

ನಕ್ಷೆಯಲ್ಲಿ ಕೆಂಪು ಸುತ್ತು ಬಿದ್ದವರು, ಪಂಪ್ ಕೊಟ್ಟರೂ ಅನುಪಾತ ಸರಿಹೋಗದವರು, ಇಳಿತದ ಗೆರೆ ದಾಟಿದವರು, ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಬುಡಭಾಗದಲ್ಲೇ ಎಂಫಿಸಿಮಾ ಕಂಡವರು ಆಲ್ಫಾ-1 ಆಂಟಿಟ್ರಿಪ್ಸಿನ್ ಮಟ್ಟ ನೋಡಿಸಬೇಕು. ಸಿಒಪಿಡಿ ಇರುವ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಮ್ಮೆ ಈ ಪರೀಕ್ಷೆ ಆಗಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಸಾಮಾನ್ಯ ಸೀರಮ್ ಪರೀಕ್ಷೆ. ಊರಿನ ಸಂಗ್ರಹ ಕೇಂದ್ರದಲ್ಲಿ ರಕ್ತ ಕೊಟ್ಟರೆ ದೊಡ್ಡ ಪ್ರಯೋಗಾಲಯಕ್ಕೆ ಹೋಗಿ ಬರುತ್ತದೆ.

ಇಲ್ಲಿ ಎರಡು ಕಡೆ ಜನ ಮುಗ್ಗರಿಸುತ್ತಾರೆ. ಜ್ವರ, ಗಾಯ, ಸೋಂಕು ಇದ್ದಾಗ ಈ ಪ್ರೋಟೀನ್ ತಾನಾಗಿ ಏರುತ್ತದೆ. ಆಗ ಕೊಟ್ಟ ರಕ್ತದಲ್ಲಿ ಕೊರತೆ ಮರೆಯಾಗುತ್ತದೆ. ಆದ್ದರಿಂದ ಆರೋಗ್ಯವಾಗಿದ್ದಾಗ ಕೊಡಿ, ಜೊತೆಗೆ ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ಬರೆಸಿಕೊಳ್ಳಿ. ಎರಡನೆಯದು ಅಳತೆಯ ಮಾನದ ಗೊಂದಲ. ಸಾಮಾನ್ಯ ಮಟ್ಟ ಡೆಸಿಲೀಟರಿಗೆ ಸುಮಾರು 90ರಿಂದ 200 ಮಿ.ಗ್ರಾಂ. ಕೆಲವು ವರದಿಗಳು ಲೀಟರಿಗೆ ಗ್ರಾಂ ಲೆಕ್ಕದಲ್ಲಿ 1.2 ಎಂದು ಕೊಡುತ್ತವೆ. ಅದು 120ಕ್ಕೆ ಸಮ, ಗಾಬರಿ ಬೇಡ. 57ಕ್ಕಿಂತ ಕೆಳಗಿದ್ದರೆ ಶ್ವಾಸಕೋಶಕ್ಕೆ ರಕ್ಷಣೆ ಸಾಲದು. 110ಕ್ಕಿಂತ ಕೆಳಗಿದ್ದರೆ ಜೀನ್ ಪರೀಕ್ಷೆಗೆ ಹೋಗುವುದು ಸರಿ.

ಜೀನ್ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ 2ರಿಂದ 3 ಮಿ.ಲೀ. ರಕ್ತ ಸಾಕು. ಎಸ್ ಮತ್ತು ಝಡ್ ಎರಡನ್ನೇ ಹುಡುಕುವ ಅಗ್ಗದ ಪರೀಕ್ಷೆ ನಮ್ಮವರಿಗೆ ಅರೆಬರೆ. ಝಡ್ ಉತ್ತರ ಯುರೋಪಿನವರಲ್ಲಿ ಹೆಚ್ಚು, ಭಾರತದಲ್ಲಿ ವಿರಳ. ಏಷ್ಯಾದವರಲ್ಲಿ ಬೇರೆ ಅಪರೂಪದ ದೋಷಗಳೂ ಇರುತ್ತವೆ, ಜಪಾನಿನ ಸಿಯಾಮಾ ಎಂಬುದು ಅಂಥದ್ದೇ. ರಕ್ತದ ಮಟ್ಟ ಕಡಿಮೆಯಿದ್ದು ‘ಎಸ್, ಝಡ್ ಇಲ್ಲ’ ಎಂದು ಬಂದರೆ ಅಲ್ಲಿಗೆ ನಿಲ್ಲಿಸದೆ ಸರ್ಪಿನಾ1 ಜೀನ್‌ನ ಪೂರ್ಣ ಸೀಕ್ವೆನ್ಸಿಂಗ್ ಕೇಳಿ. ಬೀದರ್, ಕಲಬುರಗಿಯವರಿಗೆ ಹೈದರಾಬಾದ್ ಹತ್ತಿರ: ನಿಮ್ಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಆನುವಂಶಿಕ ವಿಭಾಗವಿದೆ, ಡಿಎನ್‌ಎ ಪರೀಕ್ಷೆಯ ಸಿಡಿಎಫ್‌ಡಿ ಸಂಸ್ಥೆಯೂ ಅಲ್ಲಿದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಆಪ್ತ ಸಮಾಲೋಚನೆ ಮೊದಲು, ರಕ್ತ ಆಮೇಲೆ ಎಂಬ ಕ್ರಮ ಪಾಲಿಸುವ ಕಡೆ ಹೋಗಿ.

ಮನೆಗೆ ಡಬ್ಬಿ ಕಳಿಸಿ ಉಗುಳು ತರಿಸಿಕೊಂಡು ‘ಶ್ವಾಸಕೋಶದ ಅಪಾಯ ಇಷ್ಟು’ ಎಂದು ಅಂಕ ಕೊಡುವ ಕಿಟ್‌ಗಳನ್ನು ನಾವು ಸೂಚಿಸುವುದಿಲ್ಲ. ಅಂಥ ಅಂಕಗಳ ಹಿಂದಿನ ಮಾಹಿತಿ ಬಹುಪಾಲು ಯುರೋಪ್ ಮೂಲದವರದು. ಕಡಿಮೆ ಅಂಕ ಬಂದವರು ‘ನನಗೇನೂ ಆಗದು’ ಎಂದು ಮಾಸ್ಕ್ ಬಿಟ್ಟರೆ ಆ ಕಾಗದವೇ ಅಪಾಯ.

ಜೊತೆಗೆ ಜಿ6ಪಿಡಿ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ ಇಡಿ. ಇದು ಶ್ವಾಸಕೋಶದ್ದಲ್ಲ, ಕೆಂಪು ರಕ್ತಕಣವನ್ನು ಕಾಯುವ ಕಿಣ್ವದ್ದು. ಅದರ ಕೊರತೆ ತಾಯಿಯಿಂದ ಮಗನಿಗೆ ಬರುತ್ತದೆ. ಹೊಗೆಯ ವಿಷಕ್ಕೆ ಕೊಡುವ ಮೆಥಿಲೀನ್ ಬ್ಲೂ, ಸೋಡಿಯಂ ನೈಟ್ರೈಟ್‌ನಂಥ ಮದ್ದು ಈ ಕೊರತೆ ಇರುವವರಿಗೆ ಕೇಡು ಮಾಡಬಹುದು. ತುರ್ತು ಚಿಕಿತ್ಸೆಯವರಿಗೆ ಅದು ಮೊದಲೇ ಗೊತ್ತಿರಬೇಕು. ಗುರುತಿನ ಚೀಟಿಯ ಹಿಂದೆ ರಕ್ತದ ಗುಂಪಿನ ಪಕ್ಕ ಬರೆದಿಡಿ.

ನಾಲ್ಕನೆಯ ಹೆಜ್ಜೆ: ಹೊಗೆ ಕಡಿಮೆ ಮಾಡುವುದು

ಜೀನ್ ಬದಲಿಸಲು ಬರುವುದಿಲ್ಲ, ಒಳಹೋಗುವ ಹೊಗೆ ನಮ್ಮ ಕೈಯಲ್ಲಿದೆ. ಅಗ್ನಿಶಾಮಕ ಕೆಲಸದ ಒಡ್ಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ವಂಶದ ನಕ್ಷೆ ಶುಭ್ರವಾಗಿದ್ದವರಿಗೂ ಮುಂದಿನ ಮಾತು ಅನ್ವಯಿಸುತ್ತದೆ.

ಉರಿ ಆರಿದ ಮೇಲೆ ಮಾಸ್ಕ್ ತೆಗೆಯುವುದೇ ದೊಡ್ಡ ತಪ್ಪು. ಕೆದಕುವ ಹೊತ್ತಿನಲ್ಲಿ ಇಂಗಾಲದ ಮಾನಾಕ್ಸೈಡ್ ಮೀಟರ್ ಕಡಿಮೆ ತೋರಿಸಿದರೂ ಫಾರ್ಮಾಲ್ಡಿಹೈಡ್, ಸೂಕ್ಷ್ಮ ಕಣ, ಸೈನೈಡ್ ಆವಿ ಗಾಳಿಯಲ್ಲಿ ಇರಬಹುದು. ಎನ್95 ಕಣವನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಒದ್ದೆ ಟವೆಲ್ ಎರಡನ್ನೂ ತಡೆಯುವುದಿಲ್ಲ. ಒಳಗೆ ಇರುವಷ್ಟು ಹೊತ್ತೂ ಬೆನ್ನಿನ ಸಿಲಿಂಡರಿನ ಗಾಳಿಯೇ ಬೇಕು.

ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ? 6 ಲೀಟರಿನದನ್ನು 300 ಬಾರ್‌ಗೆ ತುಂಬಿದರೆ ಸುಮಾರು 1800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಉಸಿರಾಡಿದರೆ 45 ನಿಮಿಷ ಎಂದು ಬರೆದಿರುತ್ತಾರೆ. ಮೇ ತಿಂಗಳ ಬಿಸಿಲಲ್ಲಿ ಒದ್ದೆ ಹತ್ತಿ ಅಂಡಿಗೆ ಎಳೆಯುವವರು ನಿಮಿಷಕ್ಕೆ 80 ಲೀಟರ್ ಎಳೆಯಬಹುದು. ಗಾಳಿ ಮುಗಿಯುತ್ತ ಬಂತೆಂದು ಎಚ್ಚರಿಸುವ ಶಿಳ್ಳೆ ಕೂಗುವುದು 55 ಬಾರ್ ಹತ್ತಿರ. ಅಲ್ಲಿವರೆಗೆ ಸಿಗುವುದು 245 ಗುಣಿಲೆ 6, ಅಂದರೆ 1470 ಲೀಟರ್. ಹದಿನೆಂಟು ನಿಮಿಷ. ಪಾಳಿ ಬದಲಿಸುವ ಲೆಕ್ಕವನ್ನು ಈ ಹದಿನೆಂಟರ ಮೇಲೆ ಕಟ್ಟಬೇಕು, ನಲವತ್ತೈದರ ಮೇಲಲ್ಲ.

ಮಾಸ್ಕ್‌ನ ರಬ್ಬರ್ ಅಂಚು ಗದ್ದಕ್ಕೆ ಕೂರುವ ಜಾಗದಲ್ಲಿ ಒಂದು ದಿನದ ಕುರುಚಲು ಗಡ್ಡವೂ ಸೋರಿಕೆಗೆ ಸಾಕು. ಅಯ್ಯಪ್ಪ ಮಾಲೆ ಧರಿಸಿದ 41 ದಿನ, ಅಥವಾ ಧರ್ಮದ ಕಾರಣಕ್ಕೆ ಗಡ್ಡ ಬಿಟ್ಟವರಿಗೆ ಆ ಅವಧಿಯಲ್ಲಿ ಪಂಪ್, ನೀರು ಸರಬರಾಜು, ವಾಹನದಂಥ ಹೊರಗಿನ ಕೆಲಸ ಹಂಚಿದರೆ ವ್ರತವೂ ಉಳಿಯುತ್ತದೆ, ಶ್ವಾಸಕೋಶವೂ ಉಳಿಯುತ್ತದೆ. ಠಾಣಾಧಿಕಾರಿಗಳು ಇದನ್ನು ಮೊದಲೇ ಯೋಜಿಸಲಿ.

ಹೊಗೆ ಕುಡಿದವರ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ 98 ಕಂಡು ಸಮಾಧಾನ ಪಡಬೇಡಿ. ಇಂಗಾಲದ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆ ಉಪಕರಣ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ತಲೆನೋವು, ವಾಕರಿಕೆ, ಮಂಕು ಇದ್ದರೆ ಚೀಲವಿರುವ ಮಾಸ್ಕ್‌ನಲ್ಲಿ ನಿಮಿಷಕ್ಕೆ 10ರಿಂದ 15 ಲೀಟರ್ ಆಮ್ಲಜನಕ ಕೊಡುತ್ತ ಆಸ್ಪತ್ರೆಗೆ ಸಾಗಿಸಿ, ರಕ್ತ ಹಿಡಿದಿರುವ ಮಾನಾಕ್ಸೈಡನ್ನು ಬೇರೆಯಾಗಿ ಅಳೆಯುವ ಕೋ-ಆಕ್ಸಿಮೆಟ್ರಿ ಇರುವ ರಕ್ತ ಪರೀಕ್ಷೆ ಕೇಳಿ. ಕೆಮಿಕಲ್ ಬೆಂಕಿಯ ನಂತರ ಒಂದು ದಿನದೊಳಗೆ ಎದೆ ಬಿಗಿತ, ಸಿಳ್ಳೆ ಶುರುವಾಗಿ ವಾರಗಟ್ಟಲೆ ಉಳಿದರೆ ಅದು ಕೆರಳಿಕೆಯಿಂದ ಹುಟ್ಟಿದ ಉಬ್ಬಸ. ಬೆಂಕಿ ಕರೆಯ ದಿನಾಂಕ, ಸ್ಥಳ, ಉರಿದ ವಸ್ತು ಬರೆದಿಟ್ಟುಕೊಂಡು ತೋರಿಸಿ.

ಕೊರತೆ ಖಚಿತವಾದವರು ಬೀಡಿ, ಸಿಗರೇಟನ್ನು ಅಂದೇ ಬಿಡಬೇಕು. 1800-11-2356 ತಂಬಾಕು ಬಿಡಿಸುವ ರಾಷ್ಟ್ರೀಯ ಉಚಿತ ಸಹಾಯವಾಣಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೊಕಾಕಸ್ ಲಸಿಕೆ ವೈದ್ಯರು ಹೇಳಿದಂತೆ. ಹೊರಗಿನಿಂದ ಆಲ್ಫಾ-1 ಪ್ರೋಟೀನನ್ನು ವಾರಕ್ಕೊಮ್ಮೆ ದೇಹತೂಕದ ಕೆ.ಜಿ.ಗೆ 60 ಮಿ.ಗ್ರಾಂ ನಂತೆ ರಕ್ತನಾಳಕ್ಕೆ ಕೊಡುವ ಚಿಕಿತ್ಸೆ ಇದೆ. ಅದು ತೀವ್ರ ಕೊರತೆಯಿದ್ದು ಎಂಫಿಸಿಮಾ ಬಂದವರಿಗೆ ಮಾತ್ರ, ತುಂಬಾ ದುಬಾರಿ. ಸೇದುತ್ತಲೇ ಇರುವವರಿಗೆ ಕೊಡುವುದಿಲ್ಲ.

ವರದಿ ಯಾರ ಕೈಗೆ

ಸ್ಪೈರೋಮೆಟ್ರಿ ಕೆಲಸಕ್ಕೆ ಸಂಬಂಧಿಸಿದ್ದು. ಅದನ್ನು ಕಚೇರಿಗೆ ಕೊಡಬಹುದು. ಜೀನ್ ವರದಿ ನಿಮ್ಮದು, ನಿಮ್ಮ ಒಡಹುಟ್ಟಿದವರದು, ಮಕ್ಕಳದು. ಅದನ್ನು ಠಾಣೆಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಊದುವ ಶಕ್ತಿ ಚೆನ್ನಾಗಿರುವ ವ್ಯಕ್ತಿಯನ್ನು ಬರೀ ಜೀನ್ ನೋಡಿ ಬೆಂಕಿ ಕೆಲಸದಿಂದ ದೂರ ಇಡುವುದು ವೈದ್ಯಕೀಯವಾಗಿ ತಪ್ಪು, ಅನ್ಯಾಯವೂ ಹೌದು. ಆನುವಂಶಿಕ ಕಾಯಿಲೆ ಎಂಬ ಹೊರತುಪಡಿಕೆ ತೋರಿಸಿ ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಮಾರ್ಚ್‌ನಲ್ಲಿ ಕಂಪನಿಗಳಿಗೆ ಸೂಚಿಸಿದೆ. ತಿರಸ್ಕಾರ ಬಂದರೆ ಆ ಸುತ್ತೋಲೆ ಹಿಡಿದು ಲಿಖಿತ ದೂರು ಕೊಡಿ.

ಎರಡೂ ಪ್ರತಿ ದೋಷವಿದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಅದೇ ಆಗಿರುವ ಸಾಧ್ಯತೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಅವರ ರಕ್ತವನ್ನೂ ನೋಡಿಸಿ. ಮಕ್ಕಳಿಗೆ ಒಂದು ಪ್ರತಿ ಖಂಡಿತ ಹೋಗಿರುತ್ತದೆ. ಅಕ್ಕನ ಮಗಳನ್ನೋ ಅತ್ತೆಯ ಮಗನನ್ನೋ ತಂದುಕೊಳ್ಳುವ ಮಾತು ಮನೆಯಲ್ಲಿ ನಡೆದಿದ್ದರೆ ನಿಶ್ಚಯಕ್ಕೆ ಮೊದಲು ಇಬ್ಬರ ಆಲ್ಫಾ-1 ಮಟ್ಟ, ಕಡಿಮೆ ಬಂದರೆ ಜೀನ್, ನೋಡಿಸಿಕೊಂಡು ಆನುವಂಶಿಕ ಸಮಾಲೋಚಕರ ಮುಂದೆ ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮಾತಾಡಿ. ಹೋಗುವಾಗ ಆ ಮೂರು ತಲೆಮಾರಿನ ಹಾಳೆ ಜೊತೆಗಿರಲಿ.